ಮಲೆನಾಡಿನ ಹವೆಯಲ್ಲಿ ಹುಳಿ ಬಿಯರ್‌ನ ಹುಳಿ: ರಾಗಿ ಮಾಲ್ಟ್ ಹುಳಿಸುವವರು ಬನ್ನಿ

ತೀರ್ಥಹಳ್ಳಿ ರಾಗಿ

ಎಲ್ಲರಿಗೂ ನಮಸ್ಕಾರ. ಹುಳಿ ಬಿಯರ್ ಬಗ್ಗೆ ಇಲ್ಲಿ ಆಗಾಗ ಮಾತು ಬರತ್ತೆ. ಆದರೆ ನಮ್ಮ ಕಡೆಯ ಮಳೆ, ಥಂಡಿ, ಸೆಕೆಗೆ ಹೊಂದುವ ಹಾಗೆ ಯಾರೂ ಕೂತು ಬರೆದಿಲ್ಲ. ಅದಕ್ಕೇ ಇದನ್ನ ಶುರು ಮಾಡ್ತಿದೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ಮಾಡೋದು ಬಿಯರ್ ಅಲ್ಲ. ಮೊಳಕೆ ಬರಿಸಿದ ರಾಗಿಯಿಂದ ಮಾಲ್ಟ್ ರಸ ತೆಗೀತೀನಿ. ಅದು ಲ್ಯಾಕ್ಟಿಕ್ ಹುಳಿಗೆ, ಅಂದರೆ ಮೊಸರಿನ ಥರದ ಹುಳಿಗೆ ತಿರುಗಿ ಹದಕ್ಕೆ ಬಂದ ಕೂಡಲೇ ಕುದಿಸಿ, ಆರಿಸಿ, ಫ್ರಿಜ್ಜಿಗೆ ಇಡ್ತೀನಿ. ಹುಳಿ ಬಿಯರ್ ಮಾಡುವವರ ಕೆಲಸದಲ್ಲಿ ಮೊದಲರ್ಧ ಏನಿದೆಯೋ ಇದು ಅದೇ. ಯೀಸ್ಟ್ ಹಾಕುವ ಎರಡನೇ ಅರ್ಧಕ್ಕೆ ನಾನು ಹೋಗಲ್ಲ. ಈ ಮೊದಲರ್ಧದಲ್ಲೇ ಕಲಿಯೋದು ಎಷ್ಟಿದೆ ಅಂದ್ರೆ ನನಗೆ ಅದೇ ಸಾಕಾಗಿದೆ.

ನನ್ನ ಪ್ರಶ್ನೆ ಇಷ್ಟು. ಬೆಲ್ಜಿಯಂನಲ್ಲಿ ರಾತ್ರಿಯ ಗಾಳಿಗೆ ತೆರೆದಿಟ್ಟು ಬಿಯರ್ ಹುಳಿಸ್ತಾರೆ ಅಂತ ಓದಿದೀನಿ. ತುಂಗೆಯ ದಡದಲ್ಲಿ, ಅಡಿಕೆ ತೋಟದ ಪಕ್ಕ ಹಾಗೇ ತೆರೆದಿಟ್ಟರೆ ನಮ್ಮ ಊರಿನದ್ದೇ ಆದ ಹುಳಿ ಸಿಗತ್ತಾ? ಇನ್ನೊಂದು, ಮಜ್ಜಿಗೆಯನ್ನೇ ಹೆಪ್ಪು ಹಾಕಿದರೆ ಒಮ್ಮೆ ಹುಳಿ ಬರತ್ತೆ, ಇನ್ನೊಮ್ಮೆ ಸಪ್ಪೆಯಾಗೇ ಉಳಿಯತ್ತೆ. ಯಾಕೆ?

ಹೊಸನಗರ ತೋಟ

ತೆರೆದಿಡಿ ಮಾರಾಯ್ರೆ! ನಮ್ಮ ಕಾಡಿನ ಗಾಳಿಯಲ್ಲಿ ಇಲ್ಲದ್ದು ಯಾವ ಊರಿನ ಗಾಳಿಯಲ್ಲಿ ಉಂಟು? ಹಲಸಿನ ಹಣ್ಣು ಒಡೆದು ಅರ್ಧ ದಿನ ಬಿಟ್ಟರೆ ತನ್ನಷ್ಟಕ್ಕೆ ಹುಳಿ ಏಳತ್ತೆ. ಪ್ಯಾಕೆಟ್ಟಿನ ಬ್ಯಾಕ್ಟೀರಿಯಾ ಹಾಕಿದರೆ ಅದು ಕಾರ್ಖಾನೆ ರುಚಿ. ಊರಿನ ರುಚಿ ಬೇಕಾದರೆ ಊರಿನ ಗಾಳಿಗೇ ಬಿಡಬೇಕು.

ಮಾಲ್ಟ್‌ಮನೆ

ನನ್ನ ಊರು ಭದ್ರಾವತಿ, ಕೆಲಸ ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ. ಈ ಗಾಳಿಯ ವಿಷಯ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಹೆಚ್ಚಿನವರು ದಾರಿ ತಪ್ಪೋದು ಇಲ್ಲೇ.

ಬ್ರಸೆಲ್ಸ್ ಸುತ್ತಮುತ್ತ ಮಾಡುವ ಆ ಬಿಯರ್‌ನ ಹೆಸರು ಲ್ಯಾಂಬಿಕ್. ಬಾರ್ಲಿ ಮಾಲ್ಟಿನ ಜೊತೆ ಸುಮಾರು ಮೂರರಲ್ಲಿ ಒಂದು ಪಾಲು ಮೊಳಕೆ ಬರಿಸದ ಹಸಿ ಗೋಧಿ ಹಾಕ್ತಾರೆ. ವರ್ಷಗಟ್ಟಲೆ ಇಟ್ಟು ಕಹಿ ಇಳಿಸಿದ ಹಳೇ ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು) ಹಾಕಿ ಗಂಟೆಗಟ್ಟಲೆ ಕುದಿಸ್ತಾರೆ. ಆಮೇಲೆ ಅಟ್ಟದ ಮೇಲಿರುವ ಅಗಲವಾದ, ಆಳವಿಲ್ಲದ ಲೋಹದ ತೊಟ್ಟಿಯಲ್ಲಿ ಒಂದು ರಾತ್ರಿ ಆರಲು ಬಿಡ್ತಾರೆ. ಬೆಳಿಗ್ಗೆ ಅದು ಮರದ ಪೀಪಾಯಿಗೆ ಹೋಗತ್ತೆ, ಅಲ್ಲಿ ಒಂದರಿಂದ ಮೂರು ವರ್ಷ. ಆ ಪೀಪಾಯಿಯ ಮರದಲ್ಲಿ, ಕಟ್ಟಡದ ತೊಲೆಗಳಲ್ಲಿ ತಲೆಮಾರುಗಳಿಂದ ನೆಲೆಸಿದ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಇವೆ. ಗಾಳಿ ಅಂತ ನಾವು ಹೇಳೋದರಲ್ಲಿ ದೊಡ್ಡ ಪಾಲು ಆ ಮನೆಯದ್ದು. ಬ್ರಸೆಲ್ಸ್‌ನ ಆಂಡರ್ಲೆಖ್ಟ್‌ನಲ್ಲಿರುವ ಕಾಂಟಿಯೋನ್ ಬ್ರೂವರಿ ಶುರುವಾದದ್ದು 1900ರಲ್ಲಿ, ಇವತ್ತಿಗೂ ಅಲ್ಲಿ ಮಾಡೋದು ಹೀಗೇ.

ಮುಖ್ಯವಾದ್ದು ಋತು. ಅವರು ಈ ಕೆಲಸ ಮಾಡೋದು ಅಕ್ಟೋಬರಿನಿಂದ ಏಪ್ರಿಲ್‌ವರೆಗಿನ ಚಳಿಯಲ್ಲಿ ಮಾತ್ರ. ಬೇಸಿಗೆಯಲ್ಲಿ ರಸ ಬೇಗ ಆರಲ್ಲ. ಬೆಚ್ಚಗೆ ಹೆಚ್ಚು ಹೊತ್ತು ನಿಂತರೆ ಬೇಡದ ಬ್ಯಾಕ್ಟೀರಿಯಾ ಮೊದಲೇ ಸೇರಿಕೊಂಡು ಬಿಡತ್ತೆ. ಚಳಿಯಲ್ಲಿ ಮಾಡಿದ ಲ್ಯಾಂಬಿಕ್‌ನಲ್ಲೂ ಮೊದಲ ತಿಂಗಳು ಕರುಳಿನ ಬ್ಯಾಕ್ಟೀರಿಯಾದ ಕುಲದವೇ ಮೇಲುಗೈ. ಆಮೇಲೆ ಸ್ಯಾಕರೋಮೈಸಿಸ್ ಯೀಸ್ಟ್ ಬಂದು ಆಲ್ಕೋಹಾಲ್ ಮಾಡತ್ತೆ, ಅದರ ನಂತರ ಪೀಡಿಯೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಹುಳಿ ತರತ್ತೆ, ಕೊನೆಗೆ ಬ್ರೆಟನೊಮೈಸಿಸ್ ಅನ್ನುವ ಕಾಡು ಯೀಸ್ಟ್. ತಿಂಗಳುಗಟ್ಟಲೆ ನಡೆಯುವ ಸರದಿ ಇದು. ಜುಲೈಯಲ್ಲಿ ಆಗುಂಬೆ ಬದಿಯ ಒಂದು ಜಗಲಿಯಲ್ಲಿ ಪಾತ್ರೆ ತೆರೆದಿಟ್ಟರೆ ಈ ಸರದಿ ಸಿಗಲ್ಲ, ಬೂಷ್ಟು ಸಿಗತ್ತೆ. ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೆ, ಬೀರುವಿನ ಬಟ್ಟೆಗೆ ಬೂಷ್ಟು ಹಿಡಿಯುವ ಊರು ನಮ್ಮದು.

ಹಾಗಂತ ಊರಿನ ರುಚಿ ಸಾಧ್ಯವೇ ಇಲ್ಲ ಅಂತಲ್ಲ. ಅದು ಇರೋದು ಕಾಳಿನ ಮೇಲೆ. ಯಾವುದೇ ಧಾನ್ಯದ ಮೇಲೂ ಹುಳಿ ತರುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಧಾರಾಳವಾಗಿ ಇರತ್ತೆ. ತೀರ್ಥಹಳ್ಳಿಯವರೇ, ನಿಮ್ಮ ಹೆಪ್ಪು ನಿಮ್ಮ ರಾಗಿಯಲ್ಲೇ ಇದೆ.

ಸಾಗರದಕ್ಕ

ಮಾಲ್ಟ್‌ಮನೆಯವರು ಹೇಳಿದ್ದು ನಮ್ಮ ಅಡುಗೆಮನೆಗೂ ಹೊಂದತ್ತೆ. ದೋಸೆ ಹಿಟ್ಟಿಗೆ ಯಾರೂ ಹೊರಗಿನಿಂದ ಏನೂ ಹಾಕಲ್ಲ. ಉದ್ದು, ಅಕ್ಕಿಯಲ್ಲಿ ಇದ್ದದ್ದೇ ಉಬ್ಬಿಸೋದು. ಅದನ್ನ ತೆರೆದಿಡೋದೂ ಇಲ್ಲ, ಮುಚ್ಚಿ ಬೆಚ್ಚಗಿನ ಮೂಲೆಯಲ್ಲಿ ಇಡೋದು. ಆಷಾಢದಲ್ಲಿ ಬಚ್ಚಲ ಒಲೆಯ ಪಕ್ಕ ಇಡದಿದ್ದರೆ ನಮ್ಮನೆ ಹಿಟ್ಟು ಬೆಳಿಗ್ಗೆಗೂ ಹಾಗೇ ಮಲಗಿರತ್ತೆ. ಅಜ್ಜಿ ತಂಗಳನ್ನಕ್ಕೆ ನೀರು ಹಾಕಿ ಇಡುವಾಗಲೂ ಮುಚ್ಚಳ ಬಿಡ್ತಿರಲಿಲ್ಲ.

ನನ್ನ ಪ್ರಶ್ನೆ ಒಂದು. ನಮ್ಮದು ಭತ್ತದ ಸೀಮೆ, ರಾಗಿ ಬಯಲುಸೀಮೆಯಿಂದ ಬರಬೇಕು. ಅಕ್ಕಿಯಲ್ಲೇ ಮಾಡಿದರೆ ಆಗಲ್ವಾ?

ಮಾಲ್ಟ್‌ಮನೆ

ಅಕ್ಕ, ಬರೀ ಅಕ್ಕಿಯಿಂದ ಕಷ್ಟ. ಪಿಷ್ಟವನ್ನ ಸಕ್ಕರೆ ಮಾಡಲು ಅಮೈಲೇಸ್ ಅನ್ನುವ ಕಿಣ್ವ ಬೇಕು. ಭತ್ತ ಮೊಳಕೆ ಬಂದರೂ ಅದರಲ್ಲಿ ಆ ಶಕ್ತಿ ಕಡಿಮೆ. ರಾಗಿ ಮೊಳಕೆಯಲ್ಲಿ ಚೆನ್ನಾಗಿದೆ. ಮಗುವಿಗೆ ಮಾಡುವ ರಾಗಿ ಸರಿ ನೆನಪಿಸಿಕೊಳ್ಳಿ, ಮೊಳಕೆ ಹಿಟ್ಟಿನದ್ದಾದರೆ ಗಟ್ಟಿಯಾಗದೆ ತೆಳ್ಳಗೆ ಉಳಿಯತ್ತೆ. ಪಿಷ್ಟ ಒಡೆದು ಹೋಗಿದೆ ಅನ್ನೋದಕ್ಕೆ ಅದೇ ಗುರುತು. ಸಿಕ್ಕಿಂ, ನೇಪಾಳದ ತೊಂಗ್ಬಾ ಅನ್ನುವ ಮದ್ಯ ರಾಗಿಯದ್ದೇ, ಆದರೆ ಅಲ್ಲಿ ಮೊಳಕೆ ಬರಿಸಲ್ಲ. ಬೇಯಿಸಿದ ರಾಗಿಗೆ ಮರ್ಚಾ ಅನ್ನುವ ಹೆಪ್ಪಿನ ಬಿಲ್ಲೆ ಪುಡಿ ಮಾಡಿ ಬೆರೆಸ್ತಾರೆ, ಅದರೊಳಗಿನ ಶಿಲೀಂಧ್ರ ಪಿಷ್ಟ ಒಡೆಯತ್ತೆ. ಆಫ್ರಿಕಾದಲ್ಲಿ ರಾಗಿ, ಜೋಳದ ಹುಳಿ ಬಿಯರ್‌ಗೆ ನಮ್ಮ ಹಾಗೇ ಮೊಳಕೆ.

ಆದರೆ ಅಕ್ಕಿಯನ್ನ ಜೊತೆಗೆ ಸೇರಿಸಬಹುದು. ಮೆತ್ತಗೆ ಬೇಯಿಸಿದ ಅಕ್ಕಿ ಮೂರರಲ್ಲಿ ಒಂದು ಪಾಲು, ಉಳಿದದ್ದು ರಾಗಿ ಮಾಲ್ಟ್. ಲ್ಯಾಂಬಿಕ್‌ನಲ್ಲಿ ಹಸಿ ಗೋಧಿಗೆ ಇರುವ ಜಾಗ ಇಲ್ಲಿ ಅಕ್ಕಿಗೆ.

ಮಜ್ಜಿಗೆ ಪ್ರಶ್ನೆಗೆ ಉತ್ತರ: ಮೊಸರಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮೇಲೆ ಬದುಕುವವು. ಮಾಲ್ಟ್ ರಸದಲ್ಲಿ ಮುಖ್ಯವಾಗಿ ಇರೋದು ಮಾಲ್ಟೋಸ್ ಅನ್ನುವ ಬೇರೆ ಸಕ್ಕರೆ. ಮೊಸರಿನ ಬ್ಯಾಕ್ಟೀರಿಯಾಗಳಲ್ಲಿ ಒಂದಾದ ಬಲ್ಗೇರಿಕಸ್‌ಗೆ ಮಾಲ್ಟೋಸ್ ಜೀರ್ಣ ಆಗಲ್ಲ. ಮನೆ ಮೊಸರಿನಲ್ಲಿ ಬೇರೆ ಬೇರೆ ಜಾತಿಗಳು ಕೂಡಿರ್ತವೆ, ಅವುಗಳಲ್ಲಿ ಯಾವುದು ಎಷ್ಟಿದೆ ಅನ್ನೋದರ ಮೇಲೆ ಒಮ್ಮೆ ಹುಳಿ, ಒಮ್ಮೆ ಸಪ್ಪೆ. ಕಾಳಿನ ಮೇಲಿನವು ಹುಟ್ಟಿನಿಂದಲೇ ಮಾಲ್ಟೋಸ್ ತಿಂದು ಬೆಳೆದವು.

ಕೋರ್ಟ್ ರಸ್ತೆ, ಶಿವಮೊಗ್ಗ

ಓದುವ ಹುಡುಗರಿಗೋಸ್ಕರ ಒಂದು ಮಾತು. ಕರ್ನಾಟಕ ಅಬಕಾರಿ ಕಾಯಿದೆ 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಬಿಯರ್ ಕೂಡ ಮದ್ಯವೇ. "ಮನೆಗೆ ಮಾತ್ರ, ಮಾರಲ್ಲ" ಅಂದರೆ ಕೇಸು ತಪ್ಪಲ್ಲ. ಆದ್ದರಿಂದ ತೀರ್ಥಹಳ್ಳಿಯವರು ಹಾಕಿಕೊಂಡ ಗೆರೆ, ಅಂದರೆ ಹುಳಿ ಬಂದ ಮೇಲೆ ಕುದಿಸಿ ನಿಲ್ಲಿಸೋದು, ತುಂಬಾ ಸರಿಯಾದ ಗೆರೆ. ಇಲ್ಲಿ ಬರೆಯುವವರು ಅದನ್ನ ದಾಟುವ ವಿಧಾನ ಹಾಕಬೇಡಿ ಅಂತ ಕೇಳಿಕೊಳ್ತೀನಿ.

ಕೊಪ್ಪದಿಂದ ಪೋರ್ಟ್‌ಲ್ಯಾಂಡಿಗೆ

ಒಪ್ಪಿದೆ ಸರ್. ನಾನಿರುವ ಅಮೆರಿಕದಲ್ಲೂ ಹಿಂದೆ ಇದಕ್ಕೆ ಅವಕಾಶ ಇರಲಿಲ್ಲ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆ ಬಳಕೆಯ ಬಿಯರ್‌ಗೆ ತೆರಿಗೆ ಹೋಯಿತು. ವರ್ಷಕ್ಕೆ ಒಬ್ಬರಿಗೆ 100 ಗ್ಯಾಲನ್, ಇಬ್ಬರು ವಯಸ್ಕರಿರುವ ಮನೆಗೆ 200. ಆಮೇಲೇ ಇಲ್ಲಿ ಹವ್ಯಾಸಿಗಳು ಬೆಳೆದದ್ದು. ನಾನು ಹುಳಿ ಬಿಯರ್ ಮಾಡೋದು ಆ ಮಿತಿಯೊಳಗೆ. ಅಲ್ಲಿಯವರಿಗೆ ವಿಧಾನ ಬೇಡ, ತಿಳಿವಳಿಕೆಗೆ ಎರಡು ವಿಷಯ ಹೇಳ್ತೀನಿ.

ಬ್ರೆಟನೊಮೈಸಿಸ್ ಬಗ್ಗೆ ಮೊದಲು. 1904ರಲ್ಲಿ ಕಾರ್ಲ್ಸ್‌ಬರ್ಗ್‌ನ ಕ್ಲಾಸೆನ್ ಇಂಗ್ಲಿಷ್ ಬಿಯರ್‌ಗಳಲ್ಲಿ ಇದನ್ನ ಗುರುತಿಸಿದರು. ಸಾಮಾನ್ಯ ಯೀಸ್ಟ್ ಬಿಟ್ಟುಬಿಡುವ ಉದ್ದ ಸಕ್ಕರೆಗಳನ್ನೂ ಇದು ನಿಧಾನಕ್ಕೆ ತಿಂದು ಮುಗಿಸತ್ತೆ. ಕುದುರೆ ಲಾಯ, ಹಳೇ ಚರ್ಮ, ಕೆಲವೊಮ್ಮೆ ಅನಾನಸಿನ ವಾಸನೆ ತರತ್ತೆ. ಇದರ ನಿಧಾನವೇ ಅಪಾಯ. ಎಲ್ಲ ಮುಗಿಯಿತು ಅಂದುಕೊಂಡು ಬಾಟಲಿ ತುಂಬಿದ ಮೇಲೆ ಅದು ಒಳಗೆ ತಿನ್ನುತ್ತಲೇ ಇದ್ದರೆ ಗಾಜು ಸಿಡಿಯತ್ತೆ. ಎಷ್ಟು ಸಕ್ಕರೆ ಉಳಿದಿದೆ ಅಂತ ತೋರಿಸುವ ಹೈಡ್ರೋಮೀಟರ್ ಓದು ವಾರಗಟ್ಟಲೆ ಅಲ್ಲಾಡದೆ ನಿಲ್ಲುವ ತನಕ ಇಲ್ಲಿ ಯಾರೂ ಬಾಟಲಿಗೆ ತುಂಬಲ್ಲ.

ಎರಡನೇದು ಪೀಡಿಯೋಕಾಕಸ್. ಹುಳಿ ತರುವ ಮಧ್ಯೆ ಒಂದು ಹಂತದಲ್ಲಿ ಇಡೀ ಬಿಯರ್ ಲೋಳೆ ಕಟ್ಟತ್ತೆ, ಸುರಿದರೆ ಎಣ್ಣೆ ಧಾರೆಯ ಹಾಗೆ ನೂಲಾಗಿ ಇಳಿಯತ್ತೆ. ನೋಡಿದವರು ಹಾಳಾಯಿತು ಅಂತ ಚೆಲ್ಲಿಬಿಡ್ತಾರೆ. ಕೆಲವು ತಿಂಗಳು ಬಿಟ್ಟರೆ ಬ್ರೆಟನೊಮೈಸಿಸ್ ಆ ಲೋಳೆಯನ್ನೇ ಒಡೆದು ತಿಳಿ ಮಾಡತ್ತೆ. ಆ ಬದಲಾವಣೆ ಕಣ್ಣಾರೆ ನೋಡಿದರೆ ಈ ಹವ್ಯಾಸ ಬಿಡಲು ಮನಸ್ಸಾಗಲ್ಲ.

ನಿಮ್ಮ ರಾಗಿ ಹುಳಿಗೆ ಇವೆರಡೂ ಬೇಕಿಲ್ಲ. ನಲವತ್ತು ಡಿಗ್ರಿ ದಾಟಿದ ಶಾಖದಲ್ಲಿ ಒಂದೆರಡು ದಿನದಲ್ಲಿ ಮುಗಿಯುವ ಕೆಲಸ ನಿಮ್ಮದು. ಇದನ್ನ ಕೆಟಲ್ ಸೌರಿಂಗ್, ಅಂದರೆ ಪಾತ್ರೆಯಲ್ಲೇ ಹುಳಿಸೋದು ಅಂತಾರೆ. ಬರ್ಲಿನರ್ ವೈಸೆ, ಗೋಸೆ ಥರದ ತೆಳು ಹುಳಿ ಬಿಯರ್‌ಗಳನ್ನ ಈಗ ಹೆಚ್ಚಿನ ಕಡೆ ಮಾಡೋದು ಹೀಗೇ.

ತೀರ್ಥಹಳ್ಳಿ ರಾಗಿ

ಮಜ್ಜಿಗೆಯ ಗುಟ್ಟು ತಿಳಿಯಿತು, ತುಂಬಾ ಥ್ಯಾಂಕ್ಸ್. ಈಗ ನನ್ನ ಕ್ರಮ ಪೂರ್ತಿ ಬರೀತೀನಿ, ತಿದ್ದಿ.

ರಾಗಿ ತೊಳೆದು ರಾತ್ರಿಯಿಡೀ ನೆನೆಸಿ, ನೀರು ಬಸಿದು ಬಟ್ಟೆಯಲ್ಲಿ ಕಟ್ಟಿ ಇಡೋದು. ಆಗಾಗ ನೀರು ಚಿಮುಕಿಸಬೇಕು. ಎರಡು ಮೂರು ದಿನಕ್ಕೆ ಬೇರು ಚೆನ್ನಾಗಿ ಇಳಿಯತ್ತೆ. ಬಿಸಿಲಿದ್ದರೆ ಅಂಗಳದಲ್ಲಿ ಒಣಗಿಸೋದು. ಮಳೆಗಾಲದಲ್ಲಿ ಒಲೆ ಮೇಲಿನ ಅಟ್ಟಕ್ಕೆ ಹಾಕಿದರೆ ಹೊಗೆ ವಾಸನೆ ಹಿಡಿಯತ್ತೆ, ಹಾಗಾಗಿ ಅಡಿಕೆಗೆ ಹಾಕಿಸಿದ ಡ್ರೈಯರ್‌ನಲ್ಲಿ ಒಣಗಿಸ್ತೀನಿ. ಐವತ್ತು ಡಿಗ್ರಿ ದಾಟದ ಹಾಗೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಕಿಣ್ವಗಳು ಸಾಯ್ತವೆ. ಆಮೇಲೆ ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಮೊರದಲ್ಲಿ ಕೇರಿ, ತರಿತರಿಯಾಗಿ ಬೀಸೋದು.

ರಸ ತೆಗೆಯುವಲ್ಲಿ ರಾಗಿಗೂ ಬಾರ್ಲಿಗೂ ವ್ಯತ್ಯಾಸ ಇದೆ. ರಾಗಿಯ ಪಿಷ್ಟ ಬೇಯಲು ಹೆಚ್ಚು ಶಾಖ ಬೇಕು, ಆ ಶಾಖ ಕಿಣ್ವಕ್ಕೆ ಆಗಲ್ಲ. ಇದಕ್ಕೆ ಆಫ್ರಿಕಾದಲ್ಲಿ ಒಂದು ಉಪಾಯ ಇದೆ, ನಾನೂ ಅದನ್ನೇ ಮಾಡ್ತೀನಿ. ಹಿಟ್ಟನ್ನ ತಣ್ಣೀರಲ್ಲಿ ಕದಡಿ ಅರ್ಧ ಗಂಟೆ ಬಿಟ್ಟರೆ ಹಿಟ್ಟು ತಳಕ್ಕೆ ಕೂರತ್ತೆ, ಕಿಣ್ವ ಮೇಲಿನ ತಿಳಿಯಲ್ಲಿ ಉಳಿಯತ್ತೆ. ಆ ತಿಳಿಯನ್ನ ಬೇರೆ ಎತ್ತಿಟ್ಟು, ಕೆಳಗಿನದ್ದನ್ನ ಗಂಜಿಯ ಹಾಗೆ ಬೇಯಿಸೋದು. ಗಂಜಿ 65 ಡಿಗ್ರಿಗೆ ಇಳಿದ ಮೇಲೆ ತಿಳಿ ವಾಪಸ್ ಬೆರೆಸಿ ಹಾಟ್ ಬಾಕ್ಸಿನಲ್ಲಿ ಒಂದು ಗಂಟೆಗೂ ಮೇಲೆ ಮುಚ್ಚಿಡೋದು. ಗಟ್ಟಿ ಗಂಜಿ ಕಣ್ಣೆದುರೇ ನೀರಾಗಿ ಸಿಹಿಯಾಗತ್ತೆ. ತಟ್ಟೆಗೆ ಒಂದು ಹನಿ ಹಾಕಿ ಟಿಂಚರ್ ಅಯೋಡಿನ್ ತಾಗಿಸಿದರೆ ಕಪ್ಪುನೀಲಿಗೆ ತಿರುಗಬಾರದು. ತಿರುಗಿದರೆ ಪಿಷ್ಟ ಇನ್ನೂ ಉಳಿದಿದೆ.

ಸೋಸೋದು ದೊಡ್ಡ ತಲೆನೋವು. ಬಾರ್ಲಿಗೆ ಸಿಪ್ಪೆ ಇರತ್ತೆ, ಅದೇ ಜರಡಿ ಆಗತ್ತೆ. ರಾಗಿಗೆ ಅದಿಲ್ಲ, ಬಟ್ಟೆ ಕಟ್ಟಿಕೊಂಡು ನಿಲ್ಲತ್ತೆ. ನಾನು ಮಿಲ್ಲಿನಿಂದ ಭತ್ತದ ಹೊಟ್ಟು ತಂದು, ಚೆನ್ನಾಗಿ ತೊಳೆದು ಕುದಿಸಿ, ಗಂಜಿಗೆ ಬೆರೆಸ್ತೀನಿ. ರಸ ಸಲೀಸಾಗಿ ಇಳಿಯತ್ತೆ.

ಸೋಸಿದ ರಸ ಕುದಿಸಿ 45 ಡಿಗ್ರಿಗೆ ಆರಿಸಿ, ಬೇಯಿಸದ ರಾಗಿ ಮಾಲ್ಟ್ ಒಂದು ಹಿಡಿ ಬಟ್ಟೆ ಗಂಟಿನಲ್ಲಿ ಕಟ್ಟಿ ಇಳಿಬಿಟ್ಟರೆ ಆಯ್ತಲ್ವಾ? ಕೆಲವೊಮ್ಮೆ ಅದಕ್ಕೆ ವಾಂತಿಯ ಹಾಗಿನ ವಾಸನೆ ಬರತ್ತೆ ಅಂತ ಓದಿದೀನಿ. ಅದನ್ನ ತಡೆಯೋದು ಹೇಗೆ?

ಮಾಲ್ಟ್‌ಮನೆ

ಭತ್ತದ ಹೊಟ್ಟು ಹಾಕಿದ್ದು ಬಹಳ ಒಳ್ಳೆಯದಾಯ್ತು. ಬ್ರೂವರಿಯಲ್ಲಿ ಗೋಧಿ ಬಿಯರ್ ಮಾಡುವಾಗ ನಾವೂ ಅದನ್ನೇ ಹಾಕೋದು.

ಆ ವಾಸನೆ ಬ್ಯುಟಿರಿಕ್ ಆಮ್ಲದ್ದು, ಕ್ಲಾಸ್ಟ್ರಿಡಿಯಂ ಥರದ ಬ್ಯಾಕ್ಟೀರಿಯಾ ಕೆಲಸ. ಕಾಳಿನ ಮೇಲೆ ಒಳ್ಳೆಯವರ ಜೊತೆ ಇವರೂ ಇರ್ತಾರೆ. ಗಾಳಿ ತಡೆದ ಮಾತ್ರಕ್ಕೆ ಇವು ಹೋಗಲ್ಲ, ಇವಕ್ಕೆ ಗಾಳಿ ಬೇಡವೇ ಬೇಡ. ಇವನ್ನ ತಡೆಯೋದು ಹುಳಿ. ಹೆಪ್ಪು ಹಾಕುವ ಮೊದಲೇ ರಸದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.5ಕ್ಕೆ ಇಳಿಸಿಬಿಟ್ಟರೆ ಕರುಳಿನ ಬ್ಯಾಕ್ಟೀರಿಯಾವೂ ಇವೂ ಹಿಂದೆ ಬೀಳ್ತವೆ, ಲ್ಯಾಕ್ಟೋಬ್ಯಾಸಿಲಸ್‌ಗೆ ದಾರಿ ಸುಗಮ. ನಮ್ಮ ಹವೆಯಲ್ಲಿ ಇದೊಂದನ್ನ ಬಿಡಲೇಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಬೆಲ್ಜಿಯಂನವರಿಗೆ ಚಳಿ ಕಾವಲು ಕಾಯತ್ತೆ, ನಮಗೆ ಆಮ್ಲವೇ ಕಾಯಬೇಕು.

ಇಳಿಸಲು ಆಹಾರ ದರ್ಜೆಯ ಲ್ಯಾಕ್ಟಿಕ್ ಆಮ್ಲ ಒಳ್ಳೆಯದು. ನಿಂಬೆ ರಸವೂ ಆಗತ್ತೆ, ಆದರೆ ಕೆಲವು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ನಿಂಬೆಯ ಸಿಟ್ರಿಕ್ ಆಮ್ಲದಿಂದ ಡಯಾಸಿಟೈಲ್ ಮಾಡ್ತವೆ, ರಸಕ್ಕೆ ಬೆಣ್ಣೆ ವಾಸನೆ ಬರತ್ತೆ. ಎಲ್ಲಕ್ಕಿಂತ ಚೆಂದದ ದಾರಿ ಅಂದ್ರೆ, ಒಳ್ಳೆಯ ವಾಸನೆಯ ಒಂದು ಹದ ಸಿಕ್ಕಿದಾಗ ಕೊನೆಯಲ್ಲಿ ಕುದಿಸುವ ಮೊದಲು ಒಂದು ಲೋಟ ತೆಗೆದು ಫ್ರಿಜ್ಜಿನಲ್ಲಿಟ್ಟುಕೊಳ್ಳಿ. ಮುಂದಿನ ಸಲಕ್ಕೆ ಅದೇ ಹೆಪ್ಪು, ಅದೇ ಆಮ್ಲ. ಹೀಗೆ ಸಲದಿಂದ ಸಲಕ್ಕೆ ಹೋದ ಹಾಗೆ ಆ ಹೆಪ್ಪು ನಿಮ್ಮ ಮನೆಗೆ ಒಗ್ಗತ್ತೆ. ಹೊಸನಗರದವರು ಕೇಳಿದ ಊರಿನ ರುಚಿ ಹುಟ್ಟೋದು ಹೀಗೆ.

ಬೂಷ್ಟು ಮತ್ತು ವಿನೆಗರ್ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು. ರಸದ ಮೈಗೇ ತಾಗುವ ಹಾಗೆ ಆಹಾರಕ್ಕೆ ಬಳಸುವ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ. ಶಾಖಕ್ಕೆ ಥರ್ಮಾಕೋಲ್ ಪೆಟ್ಟಿಗೆಯೊಳಗೆ ಬಿಸಿನೀರಿನ ಬಾಟಲಿಗಳನ್ನ ಪಾತ್ರೆಯ ಸುತ್ತ ಇಟ್ಟರೆ ಸಾಕು. ಹಾಪ್ಸ್ ಹಾಕಲೇಬೇಡಿ, ಅದರ ಕಹಿ ಲ್ಯಾಕ್ಟೋಬ್ಯಾಸಿಲಸ್‌ಗೆ ಆಗಲ್ಲ.

ಶಿಕಾರಿಪುರದವ

ಒಂದು ಹೆದರಿಕೆ ಕೇಳ್ತೀನಿ. ಕಳ್ಳಭಟ್ಟಿ ಕುಡಿದು ಸತ್ತರು, ಕಣ್ಣು ಹೋಯಿತು ಅಂತ ಪೇಪರಿನಲ್ಲಿ ಬರತ್ತಲ್ಲ. ಹೀಗೆ ಮನೆಯಲ್ಲಿ ಹುಳಿಸಿದ್ದರಲ್ಲಿ ಆ ವಿಷ ಆಗಲ್ವಾ?

ಕೊಪ್ಪದಿಂದ ಪೋರ್ಟ್‌ಲ್ಯಾಂಡಿಗೆ

ಇಲ್ಲ ಅಣ್ಣ. ಅದು ಮೆಥನಾಲ್. ಲ್ಯಾಕ್ಟಿಕ್ ಹುಳಿಯಲ್ಲಿ ಅದು ಹುಟ್ಟಲ್ಲ. ಹಣ್ಣಿನ ಪೆಕ್ಟಿನ್‌ನಿಂದ ಅತಿ ಸ್ವಲ್ಪ ಹುಟ್ಟಬಹುದು, ಅದು ಹಣ್ಣಿನ ರಸದಲ್ಲೂ ಇರತ್ತೆ. 1981ರಲ್ಲಿ ಬೆಂಗಳೂರಿನಲ್ಲಿ ನೂರಾರು ಜನ ಸತ್ತದ್ದು ಕೈಗಾರಿಕೆಗೆ ಬಳಸುವ ಮೆಥನಾಲನ್ನ ಬೆರಕೆ ಮಾಡಿ ಮಾರಿದ್ದರಿಂದ.

ಇಲ್ಲಿ ನಿಜವಾಗಿ ಹೆದರಬೇಕಾದ್ದು ಬೂಷ್ಟಿಗೆ. ಹಸಿರು, ಕಪ್ಪು, ಗುಲಾಬಿ ಬಣ್ಣದ ರೋಮದ ಹಾಗಿನದ್ದು ಮೇಲೆ ಕಂಡರೆ ಕೆನೆ ತೆಗೆದ ಹಾಗೆ ತೆಗೆದು ಉಳಿದದ್ದು ಕುಡಿಯೋಣ ಅನ್ನಬೇಡಿ, ಪೂರ್ತಿ ಚೆಲ್ಲಿ. ಅದರ ವಿಷ ಕುದಿಸಿದರೂ ಹೋಗಲ್ಲ. ಪಿಎಚ್ 4.5ರ ಕೆಳಗೆ ಇಳಿಯುವ ತನಕ ರುಚಿ ನೋಡೋದೂ ಬೇಡ.

ಸಾಗರದಕ್ಕ

ಹಣ್ಣು ಯಾವಾಗ ಹಾಕೋದು? ನಮ್ಮ ಬೇಣದಲ್ಲಿ ಮುರುಗಲು (ಕೋಕಂ) ಮರ ಉಂಟು, ಬೇಸಿಗೆಯಲ್ಲಿ ಸಿಪ್ಪೆ ಒಣಗಿಸಿ ಇಟ್ಟಿದೀನಿ. ಸೊರಬದ ಕಡೆಯಿಂದ ಅನಾನಸೂ ಬರತ್ತೆ.

ಮಾಲ್ಟ್‌ಮನೆ

ಅಕ್ಕ, ಹುಳಿ ಮುಗಿದು, ಕುದಿಸಿ, ತಣ್ಣಗಾದ ಮೇಲೆ, ಕುಡಿಯುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದರೆ ಹಣ್ಣಿನ ಸಕ್ಕರೆಗೂ ಸಿಪ್ಪೆಯ ಮೇಲಿನ ಕಾಡು ಯೀಸ್ಟ್‌ಗೂ ಸಂಬಂಧ ಬೆಳೆದು ಆಲ್ಕೋಹಾಲ್ ಕಡೆ ತಿರುಗತ್ತೆ. ಅನಾನಸ್ ಸಿಪ್ಪೆಯಲ್ಲಿ ಯೀಸ್ಟ್ ವಿಪರೀತ. ಮುರುಗಲು ಸಿಪ್ಪೆಯನ್ನ ಬಿಸಿನೀರಲ್ಲಿ ನೆನೆಸಿ ಆ ಕೆಂಪು ನೀರು ಬೆರೆಸಿದರೆ ಬಣ್ಣ ನೋಡಲಿಕ್ಕೇ ಚೆಂದ. ಆದರೆ ಅದಕ್ಕೂ ತನ್ನದೇ ಹುಳಿ ಇದೆ, ಹಾಗಾಗಿ ಲ್ಯಾಕ್ಟಿಕ್ ಹುಳಿಯನ್ನ ಸ್ವಲ್ಪ ಮೊದಲೇ, ಪಿಎಚ್ 3.6ರ ಹತ್ತಿರ ನಿಲ್ಲಿಸಿ. ಬರೀ ರಾಗಿಯದ್ದಾದರೆ 3.3ರಿಂದ 3.5 ಚೆನ್ನಾಗಿರತ್ತೆ.

ಇನ್ನೊಂದು ನಿಮ್ಮ ಕೈಗೆ ಒಪ್ಪುವ ರುಚಿ ಹೇಳ್ತೀನಿ. ಜರ್ಮನಿಯ ಲೈಪ್ಸಿಗ್‌ನಲ್ಲಿ ಹೆಸರಾದ ಗೋಸೆ ಬಿಯರ್‌ಗೆ ಉಪ್ಪು ಮತ್ತು ಕೊತ್ತಂಬರಿ ಬೀಜ ಹಾಕ್ತಾರೆ. ಕೊನೆಯ ಕುದಿಯಲ್ಲಿ ಒಂದೆರಡು ಚಮಚ ಕೊತ್ತಂಬರಿ ಬೀಜ ಜಜ್ಜಿ ಹಾಕಿ, ಚಿಟಿಕೆ ಉಪ್ಪು ಹಾಕಿ ನೋಡಿ. ಮುರುಗಲಿನ ಜೊತೆ ಅದು ಹೇಳಿ ಮಾಡಿಸಿದ ಜೋಡಿ.

ಹೊಸನಗರ ತೋಟ

ಗಾಳಿಯ ವಿಷಯ ಒಪ್ಪಿದೆ. ಆದರೆ ಡಿಸೆಂಬರ್, ಜನವರಿಯ ಚಳಿಯಲ್ಲಿ ಒಂದು ಪ್ರಯೋಗ ಆಗಬಹುದಲ್ಲ? ಆಗ ರಾತ್ರಿ ಇಪ್ಪತ್ತು ಡಿಗ್ರಿಗಿಂತ ಕೆಳಗೆ ಇಳಿಯತ್ತೆ, ಗಾಳಿಯೂ ಒಣ.

ಮಾಲ್ಟ್‌ಮನೆ

ಆಗಬಹುದು, ಆದರೆ ಇಡೀ ಪಾತ್ರೆ ಬೇಡ. ಹುಳಿ ಹಾಕಿ 4.5ಕ್ಕೆ ಇಳಿಸಿದ ರಸ ಒಂದು ಸಣ್ಣ ಶೀಷೆಯಲ್ಲಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ಒಂದು ರಾತ್ರಿ ತೋಟದಲ್ಲಿಟ್ಟು ಬೆಳಿಗ್ಗೆ ಮುಚ್ಚಳ ಸಡಿಲಾಗಿ ಹಾಕಿ. ಬೂಷ್ಟು ಬಂದರೆ, ಕೆಟ್ಟ ವಾಸನೆ ಬಂದರೆ ಚೆಲ್ಲಿ. ಇದನ್ನ ಕುಡಿಯಲಿಕ್ಕಲ್ಲ, ವಾಸನೆ ನೋಡಿ ಕಲಿಯಲಿಕ್ಕೆ ಮಾತ್ರ. ಗುಳ್ಳೆ ಏಳಲು ಶುರುವಾದರೆ ಯೀಸ್ಟ್ ಬಂದಿದೆ ಅಂತ ಲೆಕ್ಕ, ಅಲ್ಲಿಗೆ ನಿಲ್ಲಿಸಿಬಿಡಿ.

ತೀರ್ಥಹಳ್ಳಿ ರಾಗಿ

ಈ ಸಲ ಅಕ್ಕಿ ಮೂರರಲ್ಲಿ ಒಂದು ಪಾಲು ಹಾಕಿ, ಪಿಎಚ್ ಇಳಿಸಿ, ಕಾಳಿನ ಹೆಪ್ಪಿನಲ್ಲೇ ಮಾಡ್ತೀನಿ. ಕೊನೆಯದಾಗಿ ನೀರು ಮತ್ತು ಪಿಎಚ್ ಅಳೆಯೋದರ ಬಗ್ಗೆ. "ಗಂಗಾ ಸ್ನಾನ, ತುಂಗಾ ಪಾನ" ಅಂತಾರೆ, ನಮ್ಮ ನೀರು ಇದಕ್ಕೆ ಒಳ್ಳೆಯದಾ? ಪಟ್ಟಿ ಕಾಗದ ಸಾಕಾ, ಮೀಟರ್ ಬೇಕಾ?

ಮಾಲ್ಟ್‌ಮನೆ

ತುಂಗೆಯ ನೀರು ಮೆದು, ಲವಣ ಕಡಿಮೆ. ಹುಳಿಗೆ ಅಡ್ಡ ನಿಲ್ಲುವ ಕ್ಷಾರ ಕಡಿಮೆ ಇರೋದರಿಂದ ಪಿಎಚ್ ಬೇಗ ಇಳಿಯತ್ತೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಕುದಿಸಿ ಆರಿಸಿ ಬಳಸಿ. ಬಾವಿ ನೀರನ್ನೂ ಕುದಿಸಿ.

ಪಟ್ಟಿ ಕಾಗದ ರಾಗಿ ರಸಕ್ಕೆ ಆಗಲ್ಲ, ರಸದ ಕಂದು ಬಣ್ಣವೇ ಕಾಗದಕ್ಕೆ ಹಿಡಿದು ಓದು ತಪ್ಪತ್ತೆ. ಸಣ್ಣ ಪಿಎಚ್ ಮೀಟರ್ ತಗೊಳ್ಳಿ. ಜೊತೆಗೆ 4 ಮತ್ತು 7ರ ಬಫರ್ ಪುಡಿ ತಗೊಂಡು ಪ್ರತಿ ಸಲ ಅಳೆಯುವ ಮೊದಲು ಅದರಿಂದ ಮೀಟರಿನ ಓದು ಸರಿ ಮಾಡಿಕೊಳ್ಳಿ. ರಸವನ್ನ ಕೋಣೆಯ ಶಾಖಕ್ಕೆ ಆರಿಸಿಯೇ ಅದ್ದಿ, ಬಿಸಿಯಲ್ಲಿ ಅದ್ದಿದರೆ ತುದಿಯ ಗಾಜಿನ ಗುಂಡು ಬೇಗ ಹಾಳಾಗತ್ತೆ. ಬಳಸಿದ ಮೇಲೆ ಆ ತುದಿಯನ್ನ ಒಣಗಲು ಬಿಡಬೇಡಿ, ಮೀಟರ್ ಜೊತೆ ಬರುವ ಶೇಖರಣಾ ದ್ರಾವಣದಲ್ಲೇ ಇಡಿ. ಹೆಪ್ಪು ಹಾಕಿದ ಮೇಲೆ ಹನ್ನೆರಡು ಗಂಟೆಗೊಮ್ಮೆ ಅಳೆದು ಬರೆದಿಡಿ, ಆ ಪಟ್ಟಿ ಇಲ್ಲಿ ಹಾಕಿ. ಅಕ್ಕಿ ಹಾಕಿದ್ದಕ್ಕೂ ಹಾಕದ್ದಕ್ಕೂ ಹುಳಿ ಏರುವ ವೇಗದಲ್ಲಿ ಏನು ವ್ಯತ್ಯಾಸ ಅಂತ ನನಗೂ ನೋಡಬೇಕಾಗಿದೆ.